ಗಂಜ್ ಗದ್ದಲದಲ್ಲಿ ಗಪ್ಪನೆ ಇರುವವರು ತಮ್ಮ ಬೆಲೆ ಉಳಿಸಿಕೊಳ್ಳುವುದು ಹೇಗೆ

ಹತ್ತಿ ಸೀಸನ್‌ನಲ್ಲಿ ಒಮ್ಮೆ ರಾಯಚೂರಿನ ಕೃಷಿ ಮಾರುಕಟ್ಟೆಗೆ, ಅಂದರೆ ರಾಜೇಂದ್ರ ಗಂಜ್‌ಗೆ ಬಂದು ನೋಡಿ. ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯಿಂದ, ಆ ಕಡೆ ಗದ್ವಾಲದಿಂದಲೂ ಗಾಡಿಗಳು ಬಂದು ಸಾಲುಗಟ್ಟಿ ನಿಲ್ಲುತ್ತವೆ. ಹಮಾಲರ ಕೂಗು, ಟ್ರ್ಯಾಕ್ಟರ್ ಸದ್ದು, ಕನ್ನಡ, ತೆಲುಗು, ಉರ್ದು ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಈ ಗದ್ದಲದ ನಡುವೆ ರೈತರ ಮಾಲನ್ನು ಕಮಿಷನ್‌ಗೆ ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಈ ಕೆಲಸಕ್ಕೆ ಬಂದು 21 ವರ್ಷ ಆಯಿತು. ಇದು ನನ್ನ ಮೂರನೇ ಅಂಗಡಿ.

ನಾನು ಮಾತು ಕಡಿಮೆ ಇರುವವಳು. ಮೊದಲ ಅಂಗಡಿಯಲ್ಲಿ ಗಲ್ಲಾಕ್ಕೆ ಒಬ್ಬರನ್ನು ಕೂರಿಸಬೇಕಾಗಿತ್ತು. ನಾಲ್ಕು ವರ್ಷದಿಂದ ಅಲ್ಲಿದ್ದವಳು ನಾನೇ. ಲೆಕ್ಕ ನನಗೆ ಅಂಗೈಯಲ್ಲಿತ್ತು. ಆದರೆ ಕೂರಿಸಿದ್ದು ಆರು ತಿಂಗಳ ಹಿಂದೆ ಸೇರಿದ ಹುಡುಗನನ್ನು. "ನಿನ್ನ ಕೆಲಸ ಚಲೋ ಐತಮ್ಮಾ. ಆದ್ರ ಗಲ್ಲಾಕ್ಕ ಬಾಯಿ ಇರೋರು ಬೇಕು" ಅಂದರು ಸಾವ್ಕಾರ್ರು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅನ್ನೋ ಗಾದೆ ಗೊತ್ತಲ್ವಾ? ಅದನ್ನು ಅವತ್ತು ನನ್ನ ಎದುರಿಗೇ ನಿಂತು ಹೇಳಿದ ಹಾಗಾಯಿತು. ಮನೆಯಲ್ಲೂ ಅದೇ ಕಥೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ಓಣಿಯ ಹೆಂಗಸರ ಹತ್ತಿರ "ನಮ್ಮ ಸೊಸಿಗೆ ಸೊಕ್ಕು ಭಾಳ, ನಾಕು ಮಾತಾಡಂಗಿಲ್ಲ" ಅನ್ನುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಅದು ಕೇಳಿಸುತ್ತಿತ್ತು.

ಒಂದೆರಡು ವರ್ಷ ನಾನೂ ಮಾತುಗಾರ್ತಿ ಆಗಲು ನೋಡಿದೆ. ಬಂದವರನ್ನೆಲ್ಲ ಜೋರಾಗಿ ಮಾತಾಡಿಸಿದೆ, ಬಾರದ ನಗು ನಕ್ಕೆ. ಸಂಜೆ ಮನೆ ಸೇರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಲೆಕ್ಕದಲ್ಲಿ ತಪ್ಪು ಬೀಳತೊಡಗಿದವು. ಆಮೇಲೆ ಆ ಪ್ರಯತ್ನ ಬಿಟ್ಟು ಬೇರೆ ಉಪಾಯ ಹುಡುಕಿಕೊಂಡೆ. ಅವು ಕೆಲಸಕ್ಕೆ ಬಂದವು, ಈಗಲೂ ಬರುತ್ತಿವೆ. ಅಂಗಡಿ, ಆಫೀಸು, ಶಾಲೆ, ಕೂಡು ಕುಟುಂಬ, ಎಲ್ಲೇ ಇರಲಿ, ನನ್ನಂತೆ ಗಪ್ಪನೆ ಇರುವವರಿಗಾಗಿ ಅವನ್ನು ಇಲ್ಲಿ ಬರೆಯುತ್ತಿದ್ದೇನೆ. ಜಾಸ್ತಿ ಮಾತಾಡಲು ಕಲಿಯಿರಿ ಎಂದು ನಾನು ಹೇಳುವುದಿಲ್ಲ. ಇರುವ ನಾಲ್ಕು ಮಾತು ಸೇರಬೇಕಾದವರಿಗೆ ಸೇರುವಂತೆ ಮಾಡಿಕೊಳ್ಳಿ, ಇಷ್ಟೇ ನನ್ನ ಮಾತು.

ಸ್ವಭಾವವೋ, ಭಯವೋ?

ಮೊದಲು ಇದನ್ನು ನೋಡಿಕೊಳ್ಳಿ. ಒಂದು ಮದುವೆಗೆ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಎಲ್ಲರ ಜೊತೆ ಚೆನ್ನಾಗಿಯೇ ಮಾತಾಡಿದಿರಿ. ಆದರೆ ಎರಡು ತಾಸು ಆದ ಮೇಲೆ ಸಾಕಪ್ಪಾ, ಎಲ್ಲಾದರೂ ಒಬ್ಬರೇ ಕೂರೋಣ ಅನಿಸಿತು. ಅದು ಸ್ವಭಾವ. ಇದಕ್ಕೆ ಅಂತರ್ಮುಖಿ ಎನ್ನುತ್ತಾರೆ. ಇನ್ನೊಂದು ಬಗೆ ಇದೆ. ಮಾತಾಡಬೇಕು ಅಂತ ಆಸೆ ಇರುತ್ತದೆ. ಆದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಅವರು ಏನಂದುಕೊಳ್ಳುತ್ತಾರೋ ಅಂತ ಬಾಯಿ ಕಟ್ಟುತ್ತದೆ. ಅದು ಸಂಕೋಚ, ಜಾಸ್ತಿಯಾದರೆ ಭಯ. ಎರಡೂ ಒಬ್ಬರಲ್ಲೇ ಇರಬಹುದು. ನನ್ನಲ್ಲಿ ಮೊದಲಿಗೆ ಎರಡೂ ಇದ್ದವು. ಭಯ ರೂಢಿಯಿಂದ ಹೋಯಿತು, ಸ್ವಭಾವ ಉಳಿಯಿತು.

ಅಂತರ್ಮುಖಿ, ಬಹಿರ್ಮುಖಿ ಎನ್ನುವ ಈ ವಿಂಗಡಣೆಯನ್ನು ಜನಪ್ರಿಯ ಮಾಡಿದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್, 1921ರಲ್ಲಿ. ಆಮೇಲೆ ಇಂಗ್ಲೆಂಡಿನಲ್ಲಿ ಹ್ಯಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿ ಇದಕ್ಕೆ ಮೆದುಳಿನಲ್ಲಿ ಕಾರಣ ಹುಡುಕಿದರು. ಅಂತರ್ಮುಖಿಗಳ ಮೆದುಳು ಬೇಗ ಉದ್ರೇಕಗೊಳ್ಳುತ್ತದೆ, ಅದಕ್ಕೇ ಅವರಿಗೆ ಗದ್ದಲ ಬೇಗ ಸಾಕಾಗುತ್ತದೆ ಎನ್ನುವುದು ಅವರ ವಾದ. ನಾಲಿಗೆ ಮೇಲೆ ನಿಂಬೆರಸ ಹಾಕಿ ಎಷ್ಟು ಜೊಲ್ಲು ಬರುತ್ತದೆ ಎಂದು ಅಳೆದ ಪ್ರಯೋಗವೂ ನಡೆಯಿತು. ಸರಾಸರಿ ನೋಡಿದರೆ ಅಂತರ್ಮುಖಿಗಳಿಗೇ ಜಾಸ್ತಿ ಬಂತು. ನಾನು ಇದನ್ನು ನಮ್ಮ ಊರಿನ ಮನೆಗಳ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಏಪ್ರಿಲ್ ಬಿಸಿಲಿಗೆ ತಗಡಿನ ಮನೆ ಒಂಬತ್ತಕ್ಕೇ ಕಾಯುತ್ತದೆ, ಕಲ್ಲಿನ ಮನೆ ಮಧ್ಯಾಹ್ನದ ತನಕ ತಡೆಯುತ್ತದೆ. ಬಿಸಿಲು ಎರಡಕ್ಕೂ ಒಂದೇ.

ಭಯ ಅಷ್ಟಕ್ಕೇ ನಿಲ್ಲದೆ ಕಾಲೇಜಿಗೆ ಹೋಗುವುದು, ಕೆಲಸಕ್ಕೆ ಹೋಗುವುದು, ಊಟ, ನಿದ್ದೆ ಕೆಡಿಸುತ್ತಿದ್ದರೆ ಈ ಬರಹದ ಉಪಾಯಗಳು ಸಾಲುವುದಿಲ್ಲ. ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಪ್ಪನೆ ಇರುವ ಸ್ವಭಾವಕ್ಕೆ ಮಾತ್ರ ಯಾವ ಔಷಧಿಯೂ ಬೇಕಿಲ್ಲ.

ಹದಿನೈದು ದಿನ ಒಂದು ನೋಟ್‌ಬುಕ್ ಇಡಿ

ನಮ್ಮಂಥವರ ದೊಡ್ಡ ತೊಂದರೆ ಏನೆಂದರೆ, ನಾವು ಮಾಡಿದ ಕೆಲಸ ನಮಗೇ ಕೆಲಸ ಅನಿಸುವುದಿಲ್ಲ. ಮಾತಾಡುವವರ ಕೆಲಸ ಅವರ ಮಾತಿನ ಜೊತೆಗೇ ಎಲ್ಲರಿಗೂ ಕಾಣುತ್ತದೆ. ನಮ್ಮದು ಕಾಣುವುದಿಲ್ಲ. ಅದಕ್ಕೆ ಹತ್ತು ರೂಪಾಯಿಯ ಒಂದು ಪುಟ್ಟ ನೋಟ್‌ಬುಕ್ ತಗೊಳ್ಳಿ. ದಿನವೂ ಮಲಗುವ ಮುಂಚೆ ಎರಡು ಸಾಲು ಬರೆಯಿರಿ. ಇವತ್ತು ಬೇರೆಯವರ ಕಣ್ಣಿಗೆ ಬೀಳದ ಏನನ್ನು ಗಮನಿಸಿದೆ? ಅದರಿಂದ ಏನಾಯಿತು? ಅಷ್ಟೇ.

ನನ್ನ ನೋಟ್‌ಬುಕ್‌ನಿಂದ ಒಂದು ದಿನದ್ದು ಹೇಳುತ್ತೇನೆ. ಜನವರಿ ತಿಂಗಳು, ಮಧ್ಯಾಹ್ನ ಎರಡರ ಸುಮಾರು. ಗಲ್ಲಾ ಮುಂದೆ ಎಂಟು ಹತ್ತು ಮಂದಿ. ಒಬ್ಬ ತಾತ ಪಟ್ಟಿ (ತೂಕ, ದರ, ಹಣ ಬರೆದ ಚೀಟಿ) ಇಸಕೊಂಡು ಪಕ್ಕಕ್ಕೆ ಸರಿದರು. ಜೇಬಿಗೆ ಹಾಕಿದರು. ಮತ್ತೆ ತೆಗೆದರು. ಕನ್ನಡಕ ಇರಲಿಲ್ಲ, ಕಾಗದ ದೂರ ಹಿಡಿದು ನೋಡಿದರು. ಮಡಚಿದರು. ಬಾಗಿಲ ತನಕ ಹೋಗಿ ನಿಂತರು. ಅಲ್ಲಿ ಮತ್ತೆ ಬಿಚ್ಚಿದರು. ಬೆಳಿಗ್ಗೆ ತೂಕ ಆಗುವಾಗ ಅವರು ಹಮಾಲನಿಗೆ "ಹದಿನಾಲ್ಕೂವರಿ ಮ್ಯಾಲೆ ಬಂತಲ್ಲಪಾ, ಸಾಕು" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಎದ್ದು ಹೋಗಿ ಮೆಲ್ಲಗೆ ಕೇಳಿದೆ, "ತಾತಾ, ಏನಾತು?"

"ಏನಿಲ್ಲವ್ವಾ. ನಾನೇ ತಪ್ಪು ಕೇಳೀನೇನೋ."

ಪಟ್ಟಿ ನೋಡಿದೆ. 14.06 ಕ್ವಿಂಟಲ್ ಅಂತಿತ್ತು. ತೂಕದ ಚೀಟಿ ತೆಗೆಸಿದೆ. ಅಲ್ಲಿ 14.60. ದರ 7,150. ತಾತನಿಗೆ 3,861 ರೂಪಾಯಿ ಕಡಿಮೆ ಬಂದಿತ್ತು. ಗಲ್ಲಾದಲ್ಲಿದ್ದವರು ಮೂರು ಜನರ ಜೊತೆ ಒಟ್ಟಿಗೆ ಮಾತಾಡುತ್ತಾ ಬರೆದಿದ್ದರು, ಅಂಕಿ ಹಿಂದುಮುಂದಾಗಿತ್ತು. ಮೋಸ ಇರಲಿಲ್ಲ, ತಪ್ಪಿತ್ತು. ಆ ತಾತನೂ ನನ್ನ ಹಾಗೆಯೇ, ಬಾಯಿ ಬಿಟ್ಟು ಕೇಳುವವರಲ್ಲ. ಕೇಳದೆ ಹೋಗಿದ್ದರೆ ಒಂದು ವಾರದ ಹತ್ತಿ ಬಿಡಿಸುವ ಕೂಲಿಯ ಭಾಗ ಅಲ್ಲೇ ಹೋಗುತ್ತಿತ್ತು.

ಅವತ್ತು ರಾತ್ರಿ ನೋಟ್‌ಬುಕ್‌ನಲ್ಲಿ ಬರೆದೆ: "ತಾತ ಮೂರು ಸಲ ಪಟ್ಟಿ ಬಿಚ್ಚಿದರು. 3,861." ಇಂಥ ಸಾಲುಗಳು ಹದಿನೈದು ದಿನದಲ್ಲಿ ಏಳೆಂಟು ಸಿಗುತ್ತವೆ. ನಿಮಗೂ ಸಿಗುತ್ತವೆ. ನೀವು ನರ್ಸ್ ಆಗಿದ್ದರೆ, ನೋವಿಲ್ಲ ಎಂದು ಹೇಳಿದ ಅಜ್ಜಿಯ ಮುಖ ಕಿವುಚಿದ್ದನ್ನು ನೋಡಿರುತ್ತೀರಿ. ಜೀನ್ಸ್ ಹೊಲಿಯುವ ಬಳ್ಳಾರಿ ಕಡೆಯವರಾದರೆ, ಮಷಿನ್ ಸದ್ದು ಸ್ವಲ್ಪ ಬದಲಾದದ್ದು ನಿಮ್ಮ ಕಿವಿಗೆ ಮೊದಲು ಬಂದಿರುತ್ತದೆ. ಕೇಳಿಸಿಕೊಳ್ಳುವುದು, ಕಾಯುವುದು, ಒಂದೇ ಕೆಲಸದ ಮೇಲೆ ಬಹಳ ಹೊತ್ತು ಮನಸ್ಸಿಡುವುದು ನಮಗೆ ಸುಲಭ. ಸುಲಭ ಆದ್ದರಿಂದಲೇ ಅದಕ್ಕೆ ಬೆಲೆ ಇಲ್ಲ ಅಂದುಕೊಂಡಿರುತ್ತೇವೆ. ಬರೆದಾಗ ಬೆಲೆ ಕಾಣುತ್ತದೆ.

ಹಾಗಂತ ತುಂಬಿದ ಕೊಡ ತುಳುಕುವುದಿಲ್ಲ ಅಂತ ಹೇಳಿಕೊಂಡು ಕೂರಬೇಡಿ. ಖಾಲಿ ಕೊಡವೂ ತುಳುಕುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಮುಂದಿನ ಮಾತು.

ಮೀಟಿಂಗ್‌ನಲ್ಲಿ

ನಾನು ಹತ್ತು ವರ್ಷ ಒಂದು ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಂಡಿದ್ದೆ. 18 ಹೆಂಗಸರು. ಅದರಲ್ಲಿ ಇಬ್ಬರದೇ ಮಾತು. ಸಭೆ ಭಾನುವಾರ ಸಂಜೆ ಇರಲಿ ಎಂದು ಅವರಿಬ್ಬರೂ ಹೇಳಿದರು, ಉಳಿದವರು ತಲೆ ಆಡಿಸಿದರು. ಮೂರು ತಿಂಗಳಲ್ಲಿ ಅರ್ಧ ಜನ ಬರುವುದೇ ನಿಂತಿತು. ಒಂದು ಸಲ ನಾನು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಬರೆಯಲು ಬಾರದವರು ನನ್ನ ಕಿವಿಯಲ್ಲಿ ಹೇಳಿದರು. 18ರಲ್ಲಿ 14 ಚೀಟಿ ಮಂಗಳವಾರ ಮಧ್ಯಾಹ್ನ ಎಂದು ಬಂತು. ಭಾನುವಾರ ಮನೆಯಲ್ಲಿ ಗಂಡ, ಮಕ್ಕಳು, ನೆಂಟರು ಇರುತ್ತಾರೆ, ಬರುವುದು ಹೇಗೆ? ಇಷ್ಟು ಸಣ್ಣ ಮಾತು ಮೂರು ತಿಂಗಳು ಯಾರ ಬಾಯಿಂದಲೂ ಹೊರಗೆ ಬಂದಿರಲಿಲ್ಲ.

ಇದು ನಮ್ಮ ಸಂಘದಲ್ಲಿ ಮಾತ್ರ ಆಗುವ ಸಂಗತಿ ಅಂದುಕೊಳ್ಳಬೇಡಿ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ನಾಲ್ಕು ಜನ ಸೇರಿ ಕೂತು ಉಪಾಯ ಹೇಳುವುದು ಒಂದು ಕಡೆ. ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿ, ಆಮೇಲೆ ಅವನ್ನು ಒಟ್ಟು ಮಾಡುವುದು ಇನ್ನೊಂದು ಕಡೆ. ಬೇರೆ ಬೇರೆ ಕೂತವರಿಂದಲೇ ಜಾಸ್ತಿ ಉಪಾಯ ಬಂದವು. 1987ರಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು, ಡೀಲ್ ಮತ್ತು ಸ್ಟ್ರೋಬೆ, ಇದಕ್ಕೆ ಮುಖ್ಯ ಕಾರಣ ತೋರಿಸಿದರು. ಗುಂಪಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಸರದಿ ಕಾಯುವಷ್ಟರಲ್ಲಿ ಉಳಿದವರ ಯೋಚನೆ ಕಟ್ಟಿಹೋಗುತ್ತದೆ. ಬಸ್‌ನಲ್ಲಿ ಬಾಗಿಲು ಒಂದೇ ಇದ್ದ ಹಾಗೆ.

ಗಂಜ್‌ನಲ್ಲೂ ಇದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ಸವಾಲು, ಅಂದರೆ ಹರಾಜು ಕೂಗುತ್ತಿದ್ದರು. ಯಾರ ಧ್ವನಿ ದೊಡ್ಡದೋ ಅವರ ಸುತ್ತ ಜನ. ಈಗ ಪ್ರತಿ ರಾಶಿಗೆ (ಲಾಟ್‌ಗೆ) ನಂಬರ್ ಕೊಟ್ಟು, ಖರೀದಿದಾರರು ತಮ್ಮ ತಮ್ಮ ದರವನ್ನು ಕಂಪ್ಯೂಟರ್‌ನಲ್ಲಿ ಹಾಕುವ ಇ-ಟೆಂಡರ್ ಬಂದಿದೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ವಯಸ್ಸಾದ ಒಬ್ಬ ಖರೀದಿದಾರರು ಬರುತ್ತಾರೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ರಾಶಿಯ ಒಳಗೆ ಮೊಣಕೈ ತನಕ ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆಯುತ್ತಾರೆ. ಬೀಜ ಬಿಡಿಸುತ್ತಾರೆ. ಎರಡೂ ಹೆಬ್ಬೆರಳ ನಡುವೆ ಎಳೆ ಹಿಡಿದು ಮೆಲ್ಲಗೆ ಎಳೆಯುತ್ತಾರೆ, ಅಂಗಿಯ ತೋಳಿನ ಮೇಲೆ ಇಟ್ಟು ಉದ್ದ ನೋಡುತ್ತಾರೆ. ಹಸಿ ಇದೆಯಾ ಅಂತ ಮುಷ್ಟಿಯಲ್ಲಿ ಹಿಚುಕಿ ಬಿಡುತ್ತಾರೆ. ಆಮೇಲೆ ಚೀಟಿಯಲ್ಲಿ ಒಂದು ಅಂಕಿ. ಒಳ್ಳೆ ಮಾಲು ಅವರ ಕೈ ತಪ್ಪಿದ್ದು ಬಹಳ ಕಡಿಮೆ.

ಹಾಗಾದರೆ ಸಭೆಗೆ ಹೋಗುವವರು ಏನು ಮಾಡಬೇಕು? ಹಿಂದಿನ ದಿನವೇ ಕೇಳಿ: "ನಾಳೆ ಏನೇನು ಮಾತಾಡೋದದೆ, ಸರ್?" ಉತ್ತರ ಸಿಕ್ಕರೆ ಎರಡೇ ಅಂಶ ಬರೆದುಕೊಳ್ಳಿ. ಮೂರು ಬೇಡ. ಸಭೆ ಶುರುವಾದ ಐದು ನಿಮಿಷದೊಳಗೆ ಒಂದು ಮಾತು ಆಡಿಬಿಡಿ, ಪ್ರಶ್ನೆಯಾದರೂ ಸರಿ. ಇದು ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ಉಪಾಯ. ತಡವಾದಷ್ಟೂ ಗಂಟಲು ಒಣಗುತ್ತದೆ, ಗದ್ದಲ ಏರುತ್ತದೆ. ಮೊದಲೇ ಒಂದು ಮಾತು ಆಡಿದ್ದರೆ ಆಮೇಲೆ ಅವರೇ ನಿಮ್ಮ ಕಡೆ ತಿರುಗಿ ಕೇಳುತ್ತಾರೆ. ಯಾರಾದರೂ ನಡುವೆ ಬಾಯಿ ಹಾಕಿದರೆ ಧ್ವನಿ ಏರಿಸಬೇಡಿ. ಅಂಗೈ ಸ್ವಲ್ಪ ಎತ್ತಿ "ಇನ್ನೊಂದು ಮಾತು ಐತ್ರೀ, ಮುಗಿಸ್ತೀನಿ" ಎನ್ನಿ. ಸಭೆಯಲ್ಲಿ ಹೇಳಲಾಗದೆ ಉಳಿದದ್ದನ್ನು ಅದೇ ದಿನ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದು ಕಳಿಸಿ. ಮರುದಿನಕ್ಕೆ ಬಿಟ್ಟರೆ ಅದು ಹಳೆಯದಾಗುತ್ತದೆ.

ಸಭೆ ನಡೆಸುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಮೊದಲು ಚೀಟಿ, ಆಮೇಲೆ ಮಾತು. ಐದೇ ನಿಮಿಷದ ಕೆಲಸ.

"ಮೌನಂ ಸಮ್ಮತಿ" ನಮ್ಮನ್ನು ಮುಳುಗಿಸುತ್ತದೆ

ಮಾತಾಡದಿದ್ದರೆ ಒಪ್ಪಿಗೆ ಎಂದು ಲೋಕ ತಿಳಿಯುತ್ತದೆ. ಮಾರ್ಚ್ ಲೆಕ್ಕ ಮುಗಿಸುವ ಕೆಲಸ ನನ್ನ ತಲೆಗೆ. ರಜೆ ಹಾಕಿದವರ ಕೆಲಸವೂ ನನ್ನ ತಲೆಗೆ. "ಅಕ್ಕ ಏನೂ ಅನ್ನಂಗಿಲ್ಲ, ಅಕ್ಕಗ ಕೊಡ್ರಿ." ಆರು ವರ್ಷ ಹೀಗೇ ನಡೆಯಿತು, ಮೈಗ್ರೇನ್ ಬಂತು. ಹೊರೆ ಹಾಕಿದವರು ಕೆಟ್ಟವರಾಗಿರಲಿಲ್ಲ. ನನಗೆ ಭಾರ ಆಗಿದೆ ಎಂದು ಅವರಿಗೆ ತಿಳಿಯಲು ದಾರಿಯೇ ಇರಲಿಲ್ಲ.

ಬೇಡ ಎಂದು ಹೇಳುವುದಕ್ಕೆ ವಾಕ್ಯಗಳನ್ನು ಮುಂಚೆಯೇ ಕಟ್ಟಿಟ್ಟುಕೊಳ್ಳಿ. ಆ ಹೊತ್ತಿಗೆ ಹುಡುಕಿದರೆ ಸಿಗುವುದಿಲ್ಲ. ನನ್ನವು ಇವು. "ಈಗ ಕೈಯಾಗ ಇದು ಐತಿ, ಇದು ಮುಗಿದ ಮ್ಯಾಲೆ ಅದನ್ನ ಹಿಡೀತೀನಿ. ಯಾವುದು ಮೊದಲು ಬೇಕು ಹೇಳ್ರಿ." ಇದರಲ್ಲಿ ಜಗಳವಿಲ್ಲ, ಆದರೆ ನಿಮ್ಮ ಹೊರೆ ಎಷ್ಟಿದೆ ಎಂದು ಎದುರಿನವರಿಗೆ ಕಾಣುತ್ತದೆ. ಇನ್ನೊಂದು: "ನಂಗ ಯೋಚನೆ ಮಾಡಾಕ ಒಂದಿನ ಬೇಕು, ನಾಳೆ ಹನ್ನೊಂದಕ್ಕ ಹೇಳ್ತೀನಿ." ಇಲ್ಲಿ ಒಂದು ಎಚ್ಚರಿಕೆ. ನಾಳೆ ಹನ್ನೊಂದಕ್ಕೆ ನೀವೇ ಹೋಗಿ ಹೇಳಬೇಕು. ಹೇಳದಿದ್ದರೆ ಅದೂ ಒಪ್ಪಿಗೆಯ ಲೆಕ್ಕಕ್ಕೇ ಹೋಗುತ್ತದೆ, ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ಸಂಬಳ ಕೇಳುವುದು ಇದಕ್ಕಿಂತ ಕಷ್ಟ ಅಲ್ವಾ? ಎರಡನೇ ಅಂಗಡಿಯಲ್ಲಿ ನಾಲ್ಕು ವರ್ಷ ಸಂಬಳ ಏರಲಿಲ್ಲ. ಬಾಯಿಯಿಂದ ಕೇಳಲು ಎರಡು ಸಲ ಹೋಗಿ, ಎರಡೂ ಸಲ ಬೇರೆ ಏನೋ ಕೇಳಿ ಬಂದೆ. ಮೂರನೇ ಸಲ ನೋಟ್‌ಬುಕ್ ತೆಗೆದು ಒಂದು ಹಾಳೆ ಬರೆದೆ. ಈ ವರ್ಷ ನಾನು ಹಿಡಿದ ತಪ್ಪುಗಳು ಎಷ್ಟು, ಅವುಗಳ ಮೊತ್ತ ಎಷ್ಟು, ಹಳೇ ಬಾಕಿ ವಸೂಲಾದದ್ದು ಎಷ್ಟು, ನನಗೆ ಬೇಕಾದ ಸಂಬಳ ಎಷ್ಟು. ಕೊನೆಯ ಸಾಲಿನಲ್ಲಿ ಅಂಕಿ ಸ್ಪಷ್ಟವಾಗಿ ಬರೆದೆ. ಸಮಯವನ್ನೂ ನೋಡಿಕೊಂಡೆ. ಅಮಾವಾಸ್ಯೆ ದಿನ, ಅಂಗಡಿಯ ಪೂಜೆ ಮುಗಿದು ಸಾವ್ಕಾರ್ರು ಚಹಾ ಕುಡಿಯುತ್ತಾ ಒಬ್ಬರೇ ಕೂತಿದ್ದರು. ಹಾಳೆ ಮುಂದಿಟ್ಟು "ಓದ್ರಿ ಸಾವ್ಕಾರ್ರೇ, ನಾಳೆ ಮಾತಾಡೋಣು" ಎಂದು ಬಂದುಬಿಟ್ಟೆ. ಕೇಳಿದಷ್ಟು ಪೂರ್ತಿ ಸಿಗಲಿಲ್ಲ, ಮುಕ್ಕಾಲು ಭಾಗ ಸಿಕ್ಕಿತು. ಮುಂದಿನ ವರ್ಷ ಅವರೇ "ಹಾಳಿ ಬರ್ಕೊಂಡು ಬಾರಮ್ಮ" ಅಂದರು.

ವ್ಯಾಪಾರಕ್ಕೆ ಬಾಯಿ ಬೇಕೇ ಬೇಕು ಎಂದು ಹೇಳುವವರಿಗೆ ಒಂದು ಮಾತು. 2013ರಲ್ಲಿ ಆಡಮ್ ಗ್ರಾಂಟ್ ಎಂಬ ಅಮೆರಿಕದ ಸಂಶೋಧಕರು ಫೋನ್ ಮೂಲಕ ಮಾಲು ಮಾರುವ 340 ಜನರ ಮಾರಾಟ ಪರೀಕ್ಷಿಸಿದರು. ತೀರಾ ಮಾತುಗಾರರೂ ತೀರಾ ಮಾತು ಕಡಿಮೆ ಇರುವವರೂ ಹೆಚ್ಚುಕಡಿಮೆ ಒಂದೇ ಸಮ ಮಾರಿದ್ದರು. ಇಬ್ಬರಿಗಿಂತ ಜಾಸ್ತಿ ಮಾರಿದ್ದು ನಡುವಿನವರು, ಅಂದರೆ ಮಾತಾಡುವುದೂ ಕೇಳಿಸಿಕೊಳ್ಳುವುದೂ ಎರಡೂ ಇದ್ದವರು. ಈಗ ನಮ್ಮ ಅಂಗಡಿಯ ಗಲ್ಲಾದಲ್ಲಿ ಇರುವವರು ಊರೆಲ್ಲ ಮಾತಾಡಿಸುವ ಮನುಷ್ಯ. ಅವರಿಂದ ರೈತರು ಬರುತ್ತಾರೆ, ಅದು ದೊಡ್ಡ ಕೆಲಸ. ಲೆಕ್ಕ ಹೇಳುವಾಗ ಮಾತ್ರ ಅವರು ನನ್ನ ಟೇಬಲ್ ಕಡೆ ಕೈ ತೋರಿಸುತ್ತಾರೆ. ಹೀಗೆ ಹಂಚಿಕೊಂಡ ಮೇಲೆ ಇಬ್ಬರಿಗೂ ಸುಖ.

ಮದುವೆ, ಜಾತ್ರೆ, ಮನೆ ತುಂಬ ಮಂದಿ

ಇದಕ್ಕೆ ಉಪಾಯ ಸರಳ. ಕೈಗೆ ಒಂದು ಕೆಲಸ ಹಿಡಿಯಿರಿ. ಮದುವೆಯಲ್ಲಿ ಮುಯ್ಯಿ ಬರೆಯುವ ಜಾಗಕ್ಕೆ ನಾನೇ ಹೋಗಿ ಕೂರುತ್ತೇನೆ. ಎಲ್ಲರೂ ಒಬ್ಬೊಬ್ಬರಾಗಿ ಬರುತ್ತಾರೆ, ಹೆಸರು ಹೇಳುತ್ತಾರೆ, ಊರು ಹೇಳುತ್ತಾರೆ, ಎರಡು ಮಾತಾಡಿ ಹೋಗುತ್ತಾರೆ. ಎಲ್ಲರನ್ನೂ ಮಾತಾಡಿಸಿದ ಹಾಗೂ ಆಯಿತು, ಗುಂಪಿನಲ್ಲಿ ಸಿಕ್ಕಿಕೊಳ್ಳಲೂ ಇಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿಗೂ ಹೋಗುತ್ತೇನೆ, ಹೋಗಿ ಮಹಾದಾಸೋಹದಲ್ಲಿ ನಿಲ್ಲುತ್ತೇನೆ. ಊರೂರಿನಿಂದ ಬಂದ ಜೋಳದ ರೊಟ್ಟಿ ಜೋಡಿಸುವುದು, ಬಡಿಸುವುದು. ರೊಟ್ಟಿ ಎಣಿಸುವಾಗ ಆ ಜನಸಾಗರ ನನಗೆ ಭಾರ ಅನಿಸುವುದಿಲ್ಲ.

ಮುಗಿದ ಮೇಲೆ ವಿಶ್ರಾಂತಿ ಬೇಕು, ಅದನ್ನು ಹೇಳಿ ತಗೊಳ್ಳಿ. ಕೂಡು ಕುಟುಂಬದಲ್ಲಿ ಬಾಗಿಲು ಹಾಕಿಕೊಂಡರೆ ಸಿಟ್ಟು ಬಂದಿದೆ ಎಂದು ತಿಳಿಯುತ್ತಾರೆ. ನಾನು ವರ್ಷಗಟ್ಟಲೆ ಸುಮ್ನೆ ಎದ್ದು ಮಾಳಿಗೆಗೆ ಹೋಗುತ್ತಿದ್ದೆ, ಅತ್ತೆಗೆ ಅದೇ ಸೊಕ್ಕಾಗಿ ಕಂಡಿತ್ತು. ಒಂದು ದಿನ ಹೇಳಿದೆ: "ಅತ್ತೀ, ಮಂದಿ ಜೊತಿ ಭಾಳ ಹೊತ್ತು ಇದ್ರ ನಂಗ ತಲಿ ಭಾರ ಆಗ್ತೈತಿ. ಅರ್ಧ ತಾಸು ಮ್ಯಾಲೆ ಕೂತು ಬರ್ತೀನಿ. ನಿಮ್ಮ ಮ್ಯಾಲೆ ಏನೂ ಇಲ್ಲ." ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಮೊದ್ಲೇ ಹೇಳಬಾರದೇನು" ಅಂದರು. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇದ್ದೆವು, ಆ ಮಾತು ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮಗು ಗಪ್ಪನೆ ಇದ್ದರೆ

ನೆಂಟರ ಎದುರು "ನಮ್ಮವನು ಮಾತೇ ಆಡಂಗಿಲ್ಲ" ಎನ್ನಬೇಡಿ. ಮಗು ಅದನ್ನೇ ತನ್ನ ಹೆಸರು ಅಂದುಕೊಳ್ಳುತ್ತದೆ. ಬಂದವರ ಮುಂದೆ ನಿಲ್ಲಿಸಿ ಪದ್ಯ ಹೇಳಿಸಬೇಡಿ. ಚೆನ್ನಾಗಿ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದರೆ ಅದು ಬೇರೆ ವಿಷಯ, ಏನಾಗಿದೆ ಎಂದು ಕೂಡಲೇ ವಿಚಾರಿಸಬೇಕು.

ನನ್ನ ಮಗ ಒಂಬತ್ತನೇ ಕ್ಲಾಸು, ನನ್ನ ಹಾಗೆಯೇ. ಶಾಲೆಯಲ್ಲಿ ವೇದಿಕೆ ಮೇಲೆ ಭಾಷಣ ಮಾಡಬೇಕು ಎಂದಾಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾನು ಹೋಗಿ ಟೀಚರ್‌ ಹತ್ತಿರ ಕೇಳಿಕೊಂಡೆ: ಭಾಷಣದ ಬದಲು ವಿಜ್ಞಾನ ಪ್ರದರ್ಶನದಲ್ಲಿ ಮಾದರಿ ಇಟ್ಟು ವಿವರಿಸಲಿ, ಬಿಡಬಹುದಾ? ಅವರು ಒಪ್ಪಿದರು. ನಿಮ್ಮ ಮಗುವಿಗಾಗಿಯೂ ಟೀಚರ್‌ ಹತ್ತಿರ ಹೀಗೆ ಕೇಳಿ ನೋಡಿ. ಮಗು ಮಾತಾಡುವುದನ್ನು ತಪ್ಪಿಸಬೇಡಿ, ಒಂದು ಸಲಕ್ಕೆ ಎಷ್ಟು ಜನರ ಎದುರು ಎನ್ನುವುದನ್ನು ಬದಲಿಸಿ.

ಅವನು ತುಂಗಭದ್ರಾ ಅಣೆಕಟ್ಟಿನ ಮಾದರಿ ಮಾಡಿದ. ನಮ್ಮ ಜಿಲ್ಲೆಯ ಭತ್ತ ನಿಂತಿರುವುದೇ ಅದರ ಎಡದಂಡೆ ಕಾಲುವೆ ಮೇಲೆ. ರಟ್ಟಿನಲ್ಲಿ 33 ಗೇಟ್ ಕತ್ತರಿಸಿದ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆ ಒಂದನ್ನು ಮಾತ್ರ ಬಿಚ್ಚಿ ತೆಗೆಯುವ ಹಾಗೆ ಮಾಡಿದ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಹೇಗೆ ಮುಚ್ಚಿದರು ಎಂದು ತೋರಿಸಲು ಐಸ್‌ಕ್ರೀಂ ಕಡ್ಡಿ ಜೋಡಿಸಿದ. ಮೂರು ವಾರ ಒಂದೇ ಕೆಲಸದ ಮೇಲೆ ಕೂತಿದ್ದ, ಯಾರೂ ಕೂರು ಎಂದು ಹೇಳಿರಲಿಲ್ಲ.

ಪ್ರದರ್ಶನದ ದಿನ ನಾನು ದೂರ ನಿಂತು ನೋಡಿದೆ. ಒಬ್ಬರು ಬರುತ್ತಾರೆ, ಅವನು ಗೇಟ್ ಬಿಚ್ಚುತ್ತಾನೆ, ಮಗ್‌ನಿಂದ ನೀರು ಸುರಿಯುತ್ತಾನೆ, ಕಡ್ಡಿ ಇಳಿಸುತ್ತಾನೆ, ಹೇಳುತ್ತಾನೆ. ಅವರು ಹೋದ ಮೇಲೆ ಇನ್ನೊಬ್ಬರು. ಸಿಂಧನೂರು ಕಡೆಯ ಒಬ್ಬ ರೈತರು ಮಗಳನ್ನು ನೋಡಲು ಬಂದಿದ್ದರು, ಅವನ ಹತ್ತಿರ ಹತ್ತು ನಿಮಿಷ ನಿಂತು ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಉತ್ತರ ಕೊಟ್ಟ. ಬೆಳಿಗ್ಗೆ ಹತ್ತರಿಂದ ನಾಲ್ಕರ ತನಕ ಎಷ್ಟು ಸಲ ಹೇಳಿದನೋ, ಕೊನೆಗೆ ಧ್ವನಿ ಒಡೆದಿತ್ತು.

ಮನೆಗೆ ಬಂದವನೇ ಶೂ ಬಿಚ್ಚಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡ. ಊಟದ ತಾಟು ಮುಚ್ಚಿಟ್ಟೆ. ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ ಅತ್ತೆ ಕೇಳಿದರು, "ಏನಾತು ಅವಂಗ? ಯಾರಾರ ಏನಾರ ಅಂದ್ರೇನು?"

"ಏನಿಲ್ಲ ಅತ್ತೀ. ಬೆಳಗಿಂದ ಭಾಳ ಮಾತಾಡ್ಯಾನ. ಒಂದು ತಾಸು ಬಿಡ್ರಿ."

ಅತ್ತೆ ರಿಮೋಟ್ ತಗೊಂಡು ಟಿವಿ ಸೌಂಡ್ ಕಡಿಮೆ ಮಾಡಿದರು.